ಅಡಿಕೆ ಮರ ಎಣಿಸಿದ ಮೇಲಿನ ಲೆಕ್ಕ

ಮಾನ್ಯ ಸಂಪಾದಕರೇ,

ನಾನು ಮೂವತ್ತೊಂದು ವರ್ಷ ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಸಸ್ಯಶಾಸ್ತ್ರದ ಪದವಿ ಓದುತ್ತಿರುವ ನನ್ನ ಮೊಮ್ಮಗಳು ಕಳೆದ ತಿಂಗಳು ತನ್ನ ಪ್ರಾಜೆಕ್ಟ್ ವರದಿ ತಂದು ತೋರಿಸಿದಳು. ನಮ್ಮ ತೋಟದಲ್ಲೇ ಮಾಡಿದ ಕೆಲಸ. ಕೊಳೆರೋಗ ತಡೆಯುವ ಮದ್ದಾದ ಬೋರ್ಡೋ ದ್ರಾವಣ ಸಿಂಪಡಿಸಿದ 40 ಅಡಿಕೆ ಮರಗಳಲ್ಲಿ ಆರಕ್ಕೆ ರೋಗ, ಸಿಂಪಡಿಸದ 40ರಲ್ಲಿ ಹದಿನಾರಕ್ಕೆ. ಆಟಿಯ ಮಳೆಯಲ್ಲಿ ಕೊಡೆ ಹಿಡಿದು ಒಂದೊಂದೇ ಮರ ನೋಡಿ ಬರೆದುಕೊಂಡಿದ್ದಳು. ಕೊನೆಯ ಹಾಳೆಯಲ್ಲಿ ಕೈ-ಸ್ಕ್ವೇರ್ (ಕಂಡ ಅಂತರ ಬರೀ ಆಕಸ್ಮಿಕವೋ ಅಲ್ಲವೋ ಎಂದು ಅಳೆಯುವ ಸಂಖ್ಯೆ) 6.27 ಎಂದು ಅಚ್ಚಾಗಿತ್ತು.

‘ಇದು ಎಲ್ಲಿಂದ ಬಂತು?’ ಎಂದು ಕೇಳಿದೆ.

‘ಪೇಟೆಯ ಕಂಪ್ಯೂಟರ್ ಅಂಗಡಿಯವರು ಮಾಡಿಕೊಟ್ಟದ್ದು ಅಜ್ಜ, ಮುನ್ನೂರು ರೂಪಾಯಿ.’

ಹಳೆಯ ಲಗ್ನಪತ್ರಿಕೆಯೊಂದನ್ನು ಮಗುಚಿ ಇಬ್ಬರೂ ಜಗಲಿಯಲ್ಲಿ ಕುಳಿತೆವು. ಮದ್ದಿನಿಂದ ಏನೂ ಪ್ರಯೋಜನವಿಲ್ಲ ಎಂದೇ ಇಟ್ಟುಕೊಳ್ಳೋಣ. ಆಗ ರೋಗ ಬಂದ ಒಟ್ಟು 22 ಮರಗಳು ಎರಡೂ ಕಡೆ 11ರಂತೆ ಇರಬೇಕಿತ್ತು. ಕಂಡದ್ದಕ್ಕೂ ಇರಬೇಕಾದದ್ದಕ್ಕೂ ಅಂತರ 5, ಅದರ ವರ್ಗ 25. ಅದನ್ನು 11ರಿಂದ ಎರಡು ಸಲ, ರೋಗವಿಲ್ಲದ ಮರಗಳ ಪಾಲಾದ 29ರಿಂದ ಎರಡು ಸಲ ಭಾಗಿಸಿ ಎಲ್ಲವನ್ನೂ ಕೂಡಿದರೆ 6.27. ಮದ್ದು ಕೆಲಸ ಮಾಡದಿದ್ದರೂ ಬರೀ ಆಕಸ್ಮಿಕವಾಗಿ 3.84ಕ್ಕಿಂತ ಹೆಚ್ಚು ಬರುವುದು ನೂರಕ್ಕೆ ಐದು ಸಲ ಮಾತ್ರ. ನಮ್ಮದು ಅದನ್ನೂ ದಾಟಿದೆ, ಅಂದರೆ ಅಂತರ ಬರೀ ಆಕಸ್ಮಿಕ ಎನ್ನುವುದು ಕಷ್ಟ. ಎಂಟನೆಯ ತರಗತಿಯ ಮಕ್ಕಳೂ ಮಾಡಬಹುದಾದ ಭಾಗಾಕಾರ.

ಆಮೇಲೆ ಕೇಳಿದೆ, ಮದ್ದು ಬಿಡದ ಮರಗಳು ಯಾವುವು? ತೋಡಿನ ಬದಿಯವು. ಅಲ್ಲಿಗೆ ತಲುಪುವಷ್ಟರಲ್ಲಿ ಮಳೆ ಹಿಡಿದು ಕೆಲಸದವನು ಮನೆಗೆ ಹೋಗಿದ್ದ. ಆ ತಗ್ಗಿನಲ್ಲಿ ಬಿಸಿಲು ಬೀಳುವುದೇ ಕಡಿಮೆ, ಪ್ರತಿವರ್ಷ ಕೊಳೆರೋಗ ಮೊದಲು ಕಾಣುವುದೂ ಅಲ್ಲೇ. ಹಾಗಾದರೆ ಅಂತರಕ್ಕೆ ಕಾರಣ ಮದ್ದೋ ತೋಡೋ? ಅಂಗಡಿಯ ಕಂಪ್ಯೂಟರ್ ಈ ಪ್ರಶ್ನೆ ಕೇಳಲಿಲ್ಲ. ಮೌಲ್ಯಮಾಪನ ಮಾಡಿದವರೂ ಕೇಳಲಿಲ್ಲ. ಹೊಲದ ಯಾವ ತುಂಡಿಗೆ ಯಾವ ಗೊಬ್ಬರ ಎಂಬುದನ್ನು ಚೀಟಿ ಎತ್ತಿದಂತೆ ಆರಿಸಬೇಕು ಎಂದು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಫಿಷರ್ 1920ರ ದಶಕದಲ್ಲೇ ಹೇಳಿದ್ದು ಇಂಥ ಎಡವಟ್ಟು ತಪ್ಪಿಸಲಿಕ್ಕೆ.

ಹುಡುಗಿಯನ್ನು ಬೈದು ಫಲವಿಲ್ಲ. ಹತ್ತನೆಯವರೆಗೆ ‘ಸರಾಸರಿ’, ‘ಸಂಭವನೀಯತೆ’ ಎಂದು ಕಲಿತ ನಮ್ಮ ಕಾಸರಗೋಡಿನ ಮಕ್ಕಳಿಗೆ ಪ್ಲಸ್ ಟುವಿನಲ್ಲಿ ಗಣಿತವೂ ಇಂಗ್ಲಿಷೂ ಒಟ್ಟಿಗೆ ಮೇಲೆ ಬೀಳುತ್ತವೆ. ಹೆದರಿದವರಿಗೆ ಗಣಿತದ ಬದಲು ಹೋಂ ಸಯನ್ಸ್ ಇರುವ ಜೀವಶಾಸ್ತ್ರದ ಗುಂಪು ಇದೆ. ಇವಳೂ ಅದನ್ನೇ ಹಿಡಿದಳು. ಗಣಿತ ತಪ್ಪಿತು ಎಂದುಕೊಂಡಳು, ಪದವಿಗೆ ಬಂದ ಮೇಲೆ ಅದು ಎದುರಾಯಿತು. ಬಟಾಣಿ ಗಿಡ ಬೆಳೆಸಿ ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಬರುತ್ತವೆ ಎಂದು ನೋಡಿದ ಮೆಂಡೆಲನ 3:1 ಎಂಬುದು ಅವಳಿಗೆ ಬಾಯಿಪಾಠ. ಅವನು ಎಣಿಸಿದ್ದು 5474 ಗುಂಡು ಬಟಾಣಿ, 1850 ಸುಕ್ಕು ಬಟಾಣಿ ಎಂದೂ, ಅವು ಸರಿಯಾಗಿ ಮೂರಕ್ಕೊಂದು ಅಲ್ಲವೆಂದೂ ಯಾರೂ ಹೇಳಿಕೊಟ್ಟಿರಲಿಲ್ಲ. ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಪರಾಗಸ್ಪರ್ಶ ಮಾಡಿಸಿ 1930ರ ದಶಕದಲ್ಲಿ ಮಿಶ್ರತಳಿ ಪಡೆದದ್ದು ನಮ್ಮದೇ ಜಿಲ್ಲೆಯ ನೀಲೇಶ್ವರದಲ್ಲಿ. ತಳಿ ಮೇಲೋ ಅಲ್ಲವೋ ಎಂದು ತಿಳಿಯಲು ಅಲ್ಲೂ ಕಾಯಿ ಎಣಿಸಲೇಬೇಕಿತ್ತು.

2024ರಲ್ಲಿ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಬಂದಾಗ, ಮುಖ್ಯ ವಿಷಯದ ಜೊತೆಗೆ ಬೇರೆ ವಿಭಾಗದ್ದನ್ನೂ ಮೈನರ್ (ಉಪವಿಷಯ) ಆಗಿ ಓದಬಹುದು ಎಂದರು. ಇವಳ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರಕ್ಕೆ ಅಧ್ಯಾಪಕರೇ ಇಲ್ಲ, ಇನ್ನು ಮೈನರ್ ಎಲ್ಲಿಯದು? ಗಡಿನಾಡಿನ ಕಾಲೇಜುಗಳಲ್ಲಿ ಜೀವಶಾಸ್ತ್ರ ಓದುವವರಿಗೆ ಸಂಖ್ಯಾಶಾಸ್ತ್ರ ಕಲಿಸುವವರನ್ನು ನೇಮಿಸಲಿ. ಎರಡು ಕಾಲೇಜಿಗೆ ಒಬ್ಬರಾದರೂ ಸಾಕು. ಮೊದಲ ಸೆಮಿಸ್ಟರಿನಲ್ಲಿ ಪದಗಳನ್ನು ಕನ್ನಡದಲ್ಲೂ ವಿವರಿಸಲಿ. ಅಭ್ಯಾಸಕ್ಕೆ ಅಡಿಕೆ, ತೆಂಗು, ಗೇರುಬೀಜದ ಲೆಕ್ಕ ಕೊಡಲಿ. ಅಮೆರಿಕದ ಜೋಳದ ಅಂಕಿಗಳನ್ನು ಇಟ್ಟುಕೊಂಡು ನಮ್ಮ ಮಕ್ಕಳು ಏನು ಮಾಡಬೇಕು?

ಮೊಮ್ಮಗಳು ಈ ಮಳೆಗಾಲದಲ್ಲಿ ಮತ್ತೊಮ್ಮೆ ಎಣಿಸುವವಳಿದ್ದಾಳೆ. ಅಂಕಕ್ಕಾಗಿ ಅಲ್ಲ, ಹಟಕ್ಕೆ. ಮರಗಳಿಗೆ ಸಂಖ್ಯೆ ಬರೆದಾಗಿದೆ, 80 ಚೀಟಿಗಳೂ ಸಿದ್ಧ. ಒಂದು ಮರದ ತುದಿಯಿಂದ ಇನ್ನೊಂದರ ತುದಿಗೆ ಜೀಕಿ ದಾಟಿಕೊಂಡೇ ಮದ್ದು ಬಿಡುವ ನಮ್ಮ ಕೆಲಸದವನು ಮಾತ್ರ, ಚೀಟಿ ಬಂದ ಮರಕ್ಕಷ್ಟೇ ಬಿಡುವುದಾದರೆ ಕೂಲಿ ಒಂದೂವರೆ ಪಟ್ಟು ಎಂದಿದ್ದಾನೆ.

ಒಬ್ಬ ನಿವೃತ್ತ ಗಣಿತ ಅಧ್ಯಾಪಕ,
ಬದಿಯಡ್ಕ, ಕಾಸರಗೋಡು