ಸೋಮವಾರದ ಲೈಪೇಸ್ ಪ್ರಯೋಗಕ್ಕೆ ಮೊದಲು ಓದಿ

ಗೆಳೆಯರೇ, ಸೋಮವಾರದಿಂದ ಕೊಬ್ಬನ್ನು ಒಡೆಯುವ ಕಿಣ್ವವಾದ ಲೈಪೇಸ್‌ಗೆ ಹೆಕ್ಸೇನ್ ಎಂಬ ಪೆಟ್ರೋಲಿಯಂ ದ್ರಾವಕದ ಬದಲು ಕೋಲಿನ್ ಕ್ಲೋರೈಡ್ ಎಂಬ ಲವಣ ಮತ್ತು ಯೂರಿಯಾ ಬೆರೆತ ಹಸಿರು (ಪರಿಸರಕ್ಕೆ ಕಡಿಮೆ ಹಾನಿಯ) ದ್ರಾವಕವನ್ನು ಬಳಸುತ್ತೇವೆ. "ಯೂರಿಯಾ ಪ್ರೋಟೀನಿನ ಮಡಿಕೆಯನ್ನೇ ಬಿಚ್ಚುತ್ತದಲ್ಲ, ಕಿಣ್ವ ಉಳಿಯುವುದು ಹೇಗೆ?" ಎಂದು ಹಲವರು ಕೇಳಿದ್ದೀರಿ. ಕೇಳಲೇಬೇಕಾದ ಪ್ರಶ್ನೆ. ನೀರಿನಲ್ಲಿ 8 ಮೋಲಾರ್ (ಲೀಟರಿಗೆ 8 ಮೋಲ್) ಯೂರಿಯಾ ಇದ್ದರೆ ಬಹುತೇಕ ಪ್ರೋಟೀನುಗಳು ಕೆಡುತ್ತವೆ. ಆದರೆ ನಮ್ಮ ದ್ರಾವಕದಲ್ಲಿ ಯೂರಿಯಾ ಬಿಡಿಯಾಗಿ ಇರುವುದಿಲ್ಲ. ಕ್ಲೋರೈಡ್ ಅಯಾನು ಅದನ್ನು ಹೈಡ್ರೋಜನ್ ಬಂಧಗಳಲ್ಲಿ ಹಿಡಿದಿಟ್ಟಿರುತ್ತದೆ. ಕ್ಯಾಂಡಿಡಾ ಅಂಟಾರ್ಕ್ಟಿಕಾ ಎಂಬ ಯೀಸ್ಟ್‌ನ ಲೈಪೇಸ್ ಬಿ ಇದರಲ್ಲಿ ಚುರುಕಾಗಿಯೇ ಇರುತ್ತದೆ ಎಂಬುದು 2008ರಲ್ಲೇ ಪ್ರಕಟವಾಗಿದೆ. ಈ ಕ್ಷೇತ್ರದಲ್ಲಿ ನನ್ನನ್ನು ಇಷ್ಟು ಬೆರಗುಗೊಳಿಸಿದ ಸಂಗತಿ ಇನ್ನೊಂದಿಲ್ಲ.

ದ್ರಾವಕ ತಯಾರಿಸಲು ಮೋಲ್ ಲೆಕ್ಕದಲ್ಲಿ ಕೋಲಿನ್ ಕ್ಲೋರೈಡ್ 1, ಯೂರಿಯಾ 2. ಸುಮಾರು 80 ಡಿಗ್ರಿಯಲ್ಲಿ ತಿಳಿಯಾಗುವವರೆಗೆ ಕಲಕಿ. ಹೆಚ್ಚು ಕಾಯಿಸಿದರೆ ಯೂರಿಯಾ ಒಡೆದು ಅಮೋನಿಯಾ ಬರುತ್ತದೆ. 133 ಡಿಗ್ರಿಗೆ ಕರಗುವ ಯೂರಿಯಾ ಈ ಜೋಡಿಯಲ್ಲಿ 12 ಡಿಗ್ರಿಯಲ್ಲೇ ದ್ರವವಾಗಿರುವುದನ್ನು ಹೊಸಬರು ಕಣ್ಣಾರೆ ನೋಡಲಿ. ಕೋಲಿನ್ ಕ್ಲೋರೈಡ್ ಗಾಳಿಯ ತೇವವನ್ನು ಹೀರುತ್ತದೆ. ಒಣಗಿಸಿ, ತಡಮಾಡದೆ ತೂಗಿ.

ನೀರಿನ ವಿಷಯದಲ್ಲಿ ದಯವಿಟ್ಟು ಉದಾಸೀನ ಮಾಡಬೇಡಿ. ದ್ರಾವಕ ಜೇನಿನಂತೆ ಮಂದ. ಸ್ವಲ್ಪ ನೀರು ಬೆರೆಸಿದರೆ ಹರಿವು ಸುಧಾರಿಸುತ್ತದೆ, ಕಿಣ್ವಕ್ಕೂ ಅಷ್ಟು ತೇವ ಬೇಕು. ತೂಕದಲ್ಲಿ ಅರ್ಧದಷ್ಟು ನೀರಾದರೆ ಹೈಡ್ರೋಜನ್ ಬಂಧಗಳ ಜಾಲವೇ ಸಡಿಲವಾಗುತ್ತದೆ, ಜೊತೆಗೆ ಎಸ್ಟರ್ (ಆಮ್ಲ, ಆಲ್ಕೋಹಾಲ್ ಸೇರಿ ಆದ ಸಂಯುಕ್ತ) ನೀರಿನಿಂದ ಒಡೆಯುವುದೂ, ಅಂದರೆ ಜಲವಿಭಜನೆಯೂ, ಹೆಚ್ಚುತ್ತದೆ. ಪ್ರತಿ ಸೀಸೆಯ ಮೇಲೆ ನೀರಿನ ಶೇಕಡಾವಾರು ಬರೆಯಿರಿ. ಯೂರಿಯಾ ಬದಲು ಗ್ಲಿಸರಾಲ್ ಹಾಕಿದ ಒಂದು ಸೀಸೆಯನ್ನೂ ಹೋಲಿಕೆಗೆ ಇಡಿ.