ಕುಪ್ಪಳಿಯ ಮನೆಗೆ ಇಬ್ಬರು ಅಜ್ಜಿಯಂದಿರು ಬೇಕು: ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ನಮಸ್ಕಾರಗಳು.

ಹೋದ ತಿಂಗಳು ಅವ್ವನನ್ನು, ಮಗಳನ್ನು ಕರೆದುಕೊಂಡು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋಗಿದ್ದೆ. ಕುವೆಂಪು ಬೆಳೆದ ಆ ಮೂರಂತಸ್ತಿನ ತೊಟ್ಟಿಮನೆಯನ್ನು ನೀವೂ ನೋಡಿರುತ್ತೀರಿ. ಅಂಗಳದ ತುಳಸಿಕಟ್ಟೆ, ಮರದ ಕಂಬಗಳು, 1937ರಲ್ಲಿ ನಡೆದ ಕವಿಯ ಮದುವೆಯ ಮಂಟಪ, ಎಲ್ಲ ಅಚ್ಚುಕಟ್ಟು. ಆ ಬಗ್ಗೆ ನನ್ನ ತಕರಾರಿಲ್ಲ.

ಅಡುಗೆಮನೆಯ ಸಾಮಾನುಗಳ ಮುಂದೆ ಅವ್ವ ನಿಂತುಬಿಟ್ಟಳು. ಅವಳು ಹುಟ್ಟಿದ್ದೂ ಇಂಥದೇ ಮನೆಯಲ್ಲಿ, ಕೊಪ್ಪದ ಕಡೆ. ಮೊಸರು ಕಡೆಯುವುದು ಹೇಗೆಂದು ಮೊಮ್ಮಗಳಿಗೆ ಕೈಯಲ್ಲೇ ಹಗ್ಗ ಎಳೆದಂತೆ ಮಾಡಿ ತೋರಿಸಿದಳು. "ಚಳಿಗಾಲದಲ್ಲಿ ಒಂಚೂರು ಬಿಸಿನೀರು ಹೊಯ್ಯದಿದ್ರೆ ಬೆಣ್ಣೆ ಕಟ್ಟೋದೇ ಇಲ್ಲ. ಕಣ್ಣಲ್ಲಿ ನೋಡೋದಲ್ಲ, ಸದ್ದು ಕೇಳ್ತಿರ್ಬೇಕು. ಸದ್ದು ಬದ್ಲಾಯ್ತು ಅಂದ್ರೆ ಬೆಣ್ಣೆ ಬಂತು ಅಂತ." ತಿರುಗಿ ನೋಡಿದರೆ ಗುರುತಿಲ್ಲದ ಹತ್ತು ಹನ್ನೆರಡು ಜನ ಸುತ್ತ ನಿಂತಿದ್ದರು. ಒಬ್ಬ ಕಾಲೇಜು ಹುಡುಗಿ ಕೇಳಿದಳು, "ಅಜ್ಜಿ, ಅಷ್ಟು ಬೆಣ್ಣೆ ಏನ್ ಮಾಡ್ತಿದ್ರಿ?" ಅವ್ವ ನಕ್ಕಳು: "ಮನೇಲಿ ಮೂವತ್ತು ಜನ ಇದ್ವಲ್ಲೇ!"

2015ರ ನವೆಂಬರಿನಲ್ಲಿ ಈ ಮನೆಗೆ ಕಳ್ಳರು ನುಗ್ಗಿ ಕವಿಯ ಪದ್ಮ ಪದಕಗಳನ್ನು ಹೊತ್ತೊಯ್ದಾಗ ನಾಡೇ ಮರುಗಿತು, ಪೊಲೀಸರು ಬಂದರು. ಆದರೆ ಬೆಣ್ಣೆಯ ಸದ್ದು ಗೊತ್ತಿದ್ದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರಲ್ಲ, ಇದಕ್ಕೆ ಯಾವ ಠಾಣೆಯಲ್ಲಿ ದೂರು ಕೊಡೋಣ?

ನಾನು ಕೇಳುವುದು ದೊಡ್ಡ ಯೋಜನೆಯಲ್ಲ. ಈ ಮನೆ ನೋಡಿಕೊಳ್ಳುವ ಕುವೆಂಪು ಪ್ರತಿಷ್ಠಾನದವರ ಜೊತೆ ಕೂತು ಮಾತಾಡಿ. ಸುತ್ತಲಿನ ಊರುಗಳಿಂದ ಭಾನುವಾರಕ್ಕೆ ಇಬ್ಬರು ಹಿರಿಯರನ್ನು ಕರೆಸಿ, ಕೂರಲು ಜಾಗ, ಊಟ, ಒಂದಿಷ್ಟು ಗೌರವಧನ ಕೊಡಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ರೆಕಾರ್ಡ್ ಮಾಡಿಸಿ. ದಯವಿಟ್ಟು ಗ್ರಂಥಸ್ಥ ಕನ್ನಡಕ್ಕೆ ತಿದ್ದಬೇಡಿ.

ಹಾಗೆಯೇ ಗುಡ್ಡದ ಮೇಲಿನ ಕವಿಶೈಲಕ್ಕೆ ಬಣ್ಣದ ದೀಪ, ಧ್ವನಿವರ್ಧಕ ಹಾಕುವ ಸಲಹೆ ಯಾರಾದರೂ ತಂದರೆ ಕಡತವನ್ನು ಹಾಗೇ ಹಿಂದಕ್ಕೆ ಕಳಿಸಿ. ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಮೂವರೂ 1936ರಲ್ಲಿ ಅಲ್ಲಿನ ಬಂಡೆಯ ಮೇಲೆ ತಮ್ಮ ಹೆಸರು ಕೊರೆದಿದ್ದಾರೆ. ಅದನ್ನು ನೋಡಿದ ಒಬ್ಬ ಹುಡುಗ ತನ್ನ ಹೆಸರು ಗೀಚಲು ಕಲ್ಲು ಹುಡುಕುತ್ತಿದ್ದ. ಅವ್ವ ಗದರಿಸಿದ್ದಕ್ಕೆ ಬಿಟ್ಟ.

ಅವ್ವನಿಗೆ ಈಗ 78. ಮಳೆಗಾಲ ಕಳೆದ ಮೇಲೆ ಶುರುಮಾಡುವುದಾದರೆ ತಾನೂ ಬರುತ್ತಾಳಂತೆ. ಗೌರವಧನ ಬೇಡ, ಕೂರಲು ಒಂದು ಮಣೆ ಸಾಕು ಎಂದಿದ್ದಾಳೆ.

ಇಂತಿ,
ಮಲೆನಾಡಿನ ಒಬ್ಬ ಓದುಗ