ಸಹಿಗೂ ಮೊದಲು, ಕಡತಕ್ಕೂ ಮೊದಲು

ಚಿ. ವಸುಧಾಳಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಕಂಪನಿಯೊಂದು ನಿನ್ನ ಪ್ರಯೋಗಾಲಯಕ್ಕೆ ಎರಡು ವರ್ಷದ ಸಂಶೋಧನೆಗೆ ಹಣ ಕೊಡಲು ಮುಂದೆ ಬಂದಿದೆ, ಕರಾರಿನ ಕರಡೂ ಕೈಸೇರಿದೆ, ಆದರೆ ವಿಶ್ವವಿದ್ಯಾಲಯದ ಪರಿಶೀಲನೆಗೆ ಹೋದರೆ ಅದು ತಿಂಗಳುಗಟ್ಟಲೆ ಕೂತುಬಿಡುತ್ತದೆ ಎಂದು ಜೊತೆಯವರು ಹೆದರಿಸುತ್ತಿದ್ದಾರೆ ಎಂದು ಬರೆದಿದ್ದೀಯ. ಕೂರುವುದು ನಿಜ. ಎಲ್ಲಿ ಕೂರುತ್ತದೆ, ಯಾಕೆ ಕೂರುತ್ತದೆ ಎಂದು ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ. ಕಾನೂನು ವಿಭಾಗದವರಿಗೆ ಕಾನೂನು ಗೊತ್ತು, ಹಣಕಾಸಿನವರಿಗೆ ಲೆಕ್ಕ ಗೊತ್ತು. ನೀನು ಏನು ಕೆಲಸ ಮಾಡಲಿದ್ದೀಯ, ಯಾರಿಂದ ಮಾಡಿಸಲಿದ್ದೀಯ, ಕೊನೆಗೆ ಕಂಪನಿಯ ಕೈಗೆ ಏನು ಕೊಡಲಿದ್ದೀಯ ಎಂಬುದು ಗೊತ್ತಿರುವುದು ನಿನಗೊಬ್ಬಳಿಗೇ. ಅದನ್ನು ನೀನು ಪೂರ್ತಿ ಬರೆದುಕೊಡುವವರೆಗೆ ಅವರು ಕಾಯುತ್ತಾರೆ. ಅವರು ಕಾಯುತ್ತಿರುವುದು ತಿಳಿಯದೆ ನೀನೂ ಕಾಯುತ್ತೀಯ. ಬಹುಪಾಲು ವಿಳಂಬ ಹುಟ್ಟುವುದು ಇಲ್ಲೇ.

ಎಲ್ಲಕ್ಕಿಂತ ಮೊದಲು, ಸಹಿ ಮಾಡಬೇಡ. ಕರಾರಿನಲ್ಲಿ ಪಕ್ಷಗಾರ ವಿಶ್ವವಿದ್ಯಾಲಯ, ನೀನಲ್ಲ, ನಿನ್ನ ವಿಭಾಗವೂ ಅಲ್ಲ. ವಿಭಾಗಕ್ಕೆ ಕಾನೂನಿನ ಕಣ್ಣಲ್ಲಿ ಪ್ರತ್ಯೇಕ ಅಸ್ತಿತ್ವವೇ ಇರುವುದಿಲ್ಲ. ಸಹಿ ಮಾಡುವ ಅಧಿಕಾರ ಕುಲಸಚಿವರಿಗೋ, ಹಣಕಾಸು ಅಧಿಕಾರಿಗೋ, ಸಂಶೋಧನಾ ಕಚೇರಿಯ ಮುಖ್ಯಸ್ಥರಿಗೋ ಲಿಖಿತವಾಗಿ ವಹಿಸಿಕೊಟ್ಟಿರುತ್ತದೆ. ಎಷ್ಟು ಮೊತ್ತದವರೆಗೆ ಯಾರು ಎಂಬ ಮಿತಿಯೂ ಅಲ್ಲೇ ಇರುತ್ತದೆ. ಅಧಿಕಾರವಿಲ್ಲದೆ ನೀನು ಸಹಿ ಹಾಕಿದರೆ, ನಾಳೆ ತಕರಾರು ಬಂದಾಗ ವಿಶ್ವವಿದ್ಯಾಲಯ ಇದು ನಮ್ಮದಲ್ಲ ಎನ್ನಬಹುದು, ಹೊಣೆ ನಿನ್ನ ತಲೆಗೆ ಬರಬಹುದು. ಕೆಲವು ಕರಾರುಗಳ ಕೊನೆಗೆ 'ಓದಿ ಅರ್ಥಮಾಡಿಕೊಂಡಿದ್ದೇನೆ' ಎಂದು ಮುಖ್ಯ ಸಂಶೋಧಕರಿಗೆ ಒಂದು ಗೆರೆ ಇರುತ್ತದೆ. ಅದಕ್ಕೆ ಸಹಿ ಮಾಡಬಹುದು, ಅದೂ ಕಚೇರಿ ಹೇಳಿದ ಮೇಲೆ. ಸಾಫ್ಟ್‌ವೇರ್ ಹಾಕಿಕೊಳ್ಳುವಾಗ 'ಒಪ್ಪುತ್ತೇನೆ' ಎಂದು ಒತ್ತುವ ಗುಂಡಿಯೂ ಕರಾರೇ ಕಣೇ. ಮೇಲ್‌ನಲ್ಲಿ 'ಈ ಷರತ್ತುಗಳು ನಮಗೆ ಒಪ್ಪಿಗೆ' ಎಂದು ಬರೆದ ಒಂದು ಸಾಲೂ ಕರಾರಿಗೆ ಆಧಾರವಾಗಬಲ್ಲದು.

ಇದು ಬರೀ ಶಿಸ್ತಿನ ಮಾತಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಡಿಎನ್‌ಎಯ ತುಣುಕನ್ನು ಲಕ್ಷಗಟ್ಟಲೆ ಪ್ರತಿ ಮಾಡುವ ಪಿಸಿಆರ್ ತಂತ್ರ ಕಲಿಯಲು ಸೀಟಸ್ ಎಂಬ ಕಂಪನಿಗೆ ಹೋದಾಗ, ಸಂದರ್ಶಕರ ಗೌಪ್ಯತೆಯ ಹಾಳೆಯೊಂದಕ್ಕೆ ಸಹಿ ಹಾಕಿದರು. ಆ ಭೇಟಿಯಿಂದ ಹುಟ್ಟುವ ಆವಿಷ್ಕಾರದ ಹಕ್ಕನ್ನು ಈಗಲೇ ಸೀಟಸ್‌ಗೆ ವರ್ಗಾಯಿಸುತ್ತೇನೆ ಎಂದು ಆ ಹಾಳೆಯಲ್ಲಿತ್ತು. ಸ್ಟ್ಯಾನ್‌ಫರ್ಡ್ ಜೊತೆ ಅವರು ಮೊದಲೇ ಮಾಡಿಕೊಂಡಿದ್ದ ಒಪ್ಪಂದದಲ್ಲಿ ಮುಂದೆ ವರ್ಗಾಯಿಸಲು ಒಪ್ಪಿದ್ದೇನೆ ಎಂದಷ್ಟೇ ಇತ್ತು. ಎಚ್‌ಐವಿ ಪರೀಕ್ಷೆಯ ಪೇಟೆಂಟ್‌ಗಳ ಬಗ್ಗೆ ಆಮೇಲೆ ವ್ಯಾಜ್ಯವಾಗಿ, 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸ್ಟ್ಯಾನ್‌ಫರ್ಡ್ ವಿರುದ್ಧ ತೀರ್ಪು ಕೊಟ್ಟಿತು. ಸೀಟಸ್‌ನ ಪಿಸಿಆರ್ ವ್ಯವಹಾರವನ್ನು ಕೊಂಡಿದ್ದ ರೋಶ್ ಕಂಪನಿಗೆ ಆ ಹಾಳೆಯೇ ಹಕ್ಕು ತಂದುಕೊಟ್ಟಿತು. ನಾಳೆ ನಿನಗೆ ಹಣ ಕೊಡಲಿರುವ ಕಂಪನಿಯ ಪ್ರಯೋಗಾಲಯ ನೋಡಲು ಹೋದಾಗ ಸ್ವಾಗತ ಮೇಜಿನಲ್ಲಿ ಇಂಥದೊಂದು ಹಾಳೆ ಕೊಟ್ಟಾರು. ಭೇಟಿಗೆ ಮೊದಲೇ ಅದನ್ನು ತರಿಸಿಕೊಂಡು ಸಂಶೋಧನಾ ಕಚೇರಿಗೆ ತೋರಿಸು.

ಇನ್ನು ಕಡತ ಯಾವ ಬಾಗಿಲಿಗೆ ಹೋಗಬೇಕು ಎಂಬುದು. ತಪ್ಪು ಕಚೇರಿಗೆ ಹೋದ ಕಡತ ಅಲ್ಲಿ ಮಲಗುತ್ತದೆ, ಯಾರೂ ವಾಪಸು ಕಳಿಸುವುದಿಲ್ಲ. ಹೊರಗಿನಿಂದ ಸಂಶೋಧನೆಗೆ ಹಣ ಬರುವುದಾದರೆ ಸಂಶೋಧನಾ ಕಚೇರಿ. ಹಣ ಹೊರಗೆ ಹೋಗುವುದಾದರೆ, ಅಂದರೆ ಉಪಕರಣ, ಸೇವೆ, ಸಾಫ್ಟ್‌ವೇರ್ ಪರವಾನಗಿ ಇವೆಲ್ಲ, ಖರೀದಿ ವಿಭಾಗ. ಜೀವಕೋಶ, ಪ್ಲಾಸ್ಮಿಡ್, ರಾಸಾಯನಿಕದ ಮಾದರಿ ಬಂದು ಹೋಗುವುದಾದರೆ ಎಂಟಿಎ, ಅಂದರೆ ಸಾಮಗ್ರಿ ವರ್ಗಾವಣೆಯ ಕರಾರು. ಜೈವಿಕ ಸಾಮಗ್ರಿಗೆ 1995ರಲ್ಲಿ ಪ್ರಕಟವಾದ ಯುಬಿಎಂಟಿಎ ಎಂಬ ಸಿದ್ಧ ಮಾದರಿ ಇದೆ. ಎರಡೂ ಸಂಸ್ಥೆಗಳು ಅದಕ್ಕೆ ಮೊದಲೇ ಒಪ್ಪಿದ್ದರೆ ಚಿಕ್ಕದೊಂದು ಅನುಷ್ಠಾನ ಪತ್ರ ಸಾಕು, ಹೊಸದಾಗಿ ಚೌಕಾಸಿ ಮಾಡುವ ಕೆಲಸವೇ ಇಲ್ಲ. ಎಂಓಯು, ಅಂದರೆ ಪರಸ್ಪರ ತಿಳಿವಳಿಕೆಯ ಪತ್ರ, ಎಂಬ ಹೆಸರು ನೋಡಿ ಮೋಸಹೋಗಬೇಡ. ಒಳಗೆ ಹಣ, ಗಡುವು, ಹಕ್ಕು ಇವುಗಳ ಮಾತು ಬಂದಿದ್ದರೆ ತಲೆಬರಹ ಏನೇ ಇರಲಿ, ಅದು ಕರಾರಿನ ಪರಿಶೀಲನೆಗೇ ಹೋಗಬೇಕು.

ಕಡತದಲ್ಲಿ ಏನಿರಬೇಕು ಅಂದರೆ, ತಿದ್ದಲು ಬರುವ ವರ್ಡ್ ಕಡತ ಬೇಕು, ಪಿಡಿಎಫ್ ಅಲ್ಲ. ಕರಾರಿನಲ್ಲಿ ಹೆಸರಿಸಿದ ಪ್ರತಿಯೊಂದು ಅನುಬಂಧವೂ ಇರಲಿ. 'ಕಂಪನಿಯ ಜಾಲತಾಣದಲ್ಲಿರುವ ನೀತಿಗಳೂ ಅನ್ವಯಿಸುತ್ತವೆ' ಎಂದು ಎಲ್ಲಾದರೂ ಇದ್ದರೆ ಆ ನೀತಿಗಳ ಆವತ್ತಿನ ಪ್ರತಿಯನ್ನೂ ಇಳಿಸಿಕೊಂಡು ಸೇರಿಸು. ಕಂಪನಿಯ ಪೂರ್ಣ ನೋಂದಾಯಿತ ಹೆಸರು ಬೇಕು, ಏಕೆಂದರೆ ಮಾರುಕಟ್ಟೆಯ ಹೆಸರು ಒಂದು, ಸಹಿ ಮಾಡುವ ಸಂಸ್ಥೆ ಇನ್ನೊಂದು ಇರುತ್ತದೆ. ಅವರ ಕಡೆ ಕರಾರು ನೋಡುವವರ ಮೇಲ್ ವಿಳಾಸ ಕೊಡು. ನೀನು ದಿನಾ ಮಾತಾಡುವ ವಿಜ್ಞಾನಿಯದು ಸಾಲದು. ಬಜೆಟ್‌ನಲ್ಲಿ ಓವರ್‌ಹೆಡ್, ಅಂದರೆ ಕಟ್ಟಡ, ವಿದ್ಯುತ್, ಕಚೇರಿ ಇವುಗಳಿಗೆಂದು ವಿಶ್ವವಿದ್ಯಾಲಯ ಹಿಡಿದುಕೊಳ್ಳುವ ಪಾಲು, ಸೇರಿಸಿದ್ದೀಯೋ ನೋಡು. ಅದನ್ನು ಬಿಟ್ಟು ಕಂಪನಿಗೆ ಮೊತ್ತ ಹೇಳಿಬಿಟ್ಟರೆ, ಆಮೇಲೆ ಕಡಿತವಾಗುವುದು ನಿನ್ನ ವಿದ್ಯಾರ್ಥಿಯ ಸಂಬಳದಿಂದಲೇ. ಮನುಷ್ಯರ ಮಾದರಿ, ಪ್ರಾಣಿ, ವೈಯಕ್ತಿಕ ಮಾಹಿತಿ, ವಿದೇಶಕ್ಕೆ ಹೋಗುವ ಉಪಕರಣ ಅಥವಾ ತಂತ್ರಜ್ಞಾನ, ಆ ಕಂಪನಿಯಲ್ಲಿ ನಿನಗೋ ಮನೆಯವರಿಗೋ ಷೇರು, ಇವುಗಳಲ್ಲಿ ಯಾವುದಿದ್ದರೂ ಮೊದಲ ದಿನವೇ ಹೇಳಿಬಿಡು. ಒಂದೊಂದಕ್ಕೂ ಒಂದೊಂದು ಸಮಿತಿ ಇದೆ. ಕರಾರಿನ ಚೌಕಾಸಿ ಮುಗಿಯುವ ಹೊತ್ತಿಗೆ ನೈತಿಕ ಸಮಿತಿಗೆ ಅರ್ಜಿ ಹಾಕಿದರೆ ಇನ್ನೊಂದು ಸುತ್ತು ಮೊದಲಿನಿಂದ ಶುರುವಾಗುತ್ತದೆ. ಐಟಿ ಭದ್ರತೆಯವರ ಪರಿಶೀಲನೆಯೂ ಹಾಗೆಯೇ. ದತ್ತಾಂಶ ಹೊರಗಿನ ಸರ್ವರ್‌ಗೆ ಹೋಗುವುದಿದ್ದರೆ ಅದೇ ಅತಿ ಉದ್ದದ ದಾರಿ, ಆದ್ದರಿಂದ ಕಾನೂನು ಪರಿಶೀಲನೆಯ ಜೊತೆಜೊತೆಗೇ ಅದನ್ನೂ ನಡೆಸು.

ಕೆಲಸದ ವಿವರದ ಅನುಬಂಧಕ್ಕೆ ನೀನು ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ. ಎಲ್ಲರೂ ಕೊನೆಗೆ ಗೀಚುವುದು ಅದನ್ನೇ, ಜಗಳ ಬಂದಾಗ ಎಲ್ಲರೂ ಮೊದಲು ತೆರೆಯುವುದೂ ಅದನ್ನೇ. 'ಸಂವೇದಕದ ನಿಖರತೆಯನ್ನು ಹೆಚ್ಚಿಸಲಾಗುವುದು' ಎಂದು ಬರೆದರೆ ಫಲಿತಾಂಶದ ಭರವಸೆ ಕೊಟ್ಟ ಹಾಗೆ. ನಿಖರತೆ ಹೆಚ್ಚದಿದ್ದರೆ ಕೊನೆಯ ಕಂತು ತಡೆಹಿಡಿಯಲು ಅವರಿಗೆ ಕಾರಣ ಸಿಕ್ಕಿತು. ಸಂಶೋಧನೆಯಲ್ಲಿ ಭರವಸೆ ಕೊಡಬಹುದಾದದ್ದು ಕೆಲಸಕ್ಕೆ ಮಾತ್ರ, ಫಲಿತಾಂಶಕ್ಕಲ್ಲ. ಹೀಗೆ ಬರೆ: 'ಕಂಪನಿ ಒದಗಿಸುವ 40 ಸಂವೇದಕಗಳನ್ನು ಮೂರು ಉಷ್ಣಾಂಶಗಳಲ್ಲಿ ಒಂದೊಂದು ಬಾರಿಯಂತೆ ಒಟ್ಟು 120 ಪರೀಕ್ಷೆಗಳಿಗೆ ಒಳಪಡಿಸಿ, ದತ್ತಾಂಶವನ್ನೂ ಲಿಖಿತ ವರದಿಯನ್ನೂ ಕೊಡಲಾಗುವುದು.' ಸಂವೇದಕಗಳು ತಡವಾಗಿ ಬಂದರೆ ಗಡುವೂ ಅಷ್ಟೇ ದಿನ ಮುಂದಕ್ಕೆ ಹೋಗುತ್ತದೆ ಎಂಬ ಸಾಲನ್ನೂ ಸೇರಿಸು. ವರದಿ ತಲುಪಿದ ಮೇಲೆ ಇಂತಿಷ್ಟು ದಿನದಲ್ಲಿ ಆಕ್ಷೇಪ ಬಾರದಿದ್ದರೆ ಒಪ್ಪಿಕೊಂಡಂತೆ ಎಂದಿರಲಿ. ದಿನಾಂಕಗಳನ್ನು 'ಜೂನ್ 1ರಿಂದ' ಎಂದು ಬರೆಯುವ ಬದಲು 'ಕರಾರು ಜಾರಿಯಾದಂದಿನಿಂದ ಮೂರನೆಯ ತಿಂಗಳು' ಎಂದು ಬರೆ. ಸಹಿ ತಡವಾದರೂ ವೇಳಾಪಟ್ಟಿ ಕೆಡುವುದಿಲ್ಲ. ಮಾಡಬೇಕಾಗಿಲ್ಲದ ಕೆಲಸವನ್ನೂ ಹೆಸರಿಸು, ಉದಾಹರಣೆಗೆ ಮಾರುಕಟ್ಟೆಗೆ ಬೇಕಾದ ಪ್ರಮಾಣೀಕರಣ ಪರೀಕ್ಷೆ ಇದರಲ್ಲಿ ಸೇರಿಲ್ಲ ಎಂದು.

ಕಲಮುಗಳಲ್ಲಿ ನೀನೇ ಕೂತು ಓದಬೇಕಾದವು ಕೆಲವೇ. ಮೊದಲನೆಯದು ಪ್ರಕಟಣೆಯ ಕಲಮು. ಪ್ರಬಂಧದ ಪ್ರತಿಯನ್ನು ಮುಂಚೆ ಕಂಪನಿಗೆ ತೋರಿಸಬೇಕು, ಅವರು 30 ದಿನದಲ್ಲಿ ಅಭಿಪ್ರಾಯ ಹೇಳಬೇಕು, ತಮ್ಮ ಗುಟ್ಟಿನ ಮಾಹಿತಿ ಇದ್ದರೆ ತೆಗೆಯಲು ಕೇಳಬಹುದು, ಪೇಟೆಂಟ್ ಅರ್ಜಿ ಹಾಕಬೇಕಿದ್ದರೆ ಇನ್ನೂ 60 ದಿನ ತಡೆಯಬಹುದು. ಇಷ್ಟು ನ್ಯಾಯ, ಎಲ್ಲ ಕಡೆ ನಡೆಯುವಂಥದ್ದು. 'ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಪ್ರಕಟಿಸುವಂತಿಲ್ಲ' ಎಂದಿದ್ದರೆ ಅದನ್ನು ಒಪ್ಪಲೇಬಾರದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಶಾಖೆಯಲ್ಲಿ ಬೆಟ್ಟಿ ಡಾಂಗ್ ಅವರು ಥೈರಾಯ್ಡ್ ಔಷಧಿಯೊಂದರ ಅಧ್ಯಯನಕ್ಕೆ 1987ರಲ್ಲಿ ಸಹಿ ಮಾಡಿದ ಕರಾರಿನಲ್ಲಿ ಇಂಥದೇ ಮಾತಿತ್ತು. ಹಣ ಕೊಟ್ಟ ಕಂಪನಿಯ ಔಷಧಿಗೂ ಅಗ್ಗದ ಔಷಧಿಗಳಿಗೂ ಪರಿಣಾಮದಲ್ಲಿ ವ್ಯತ್ಯಾಸವಿಲ್ಲ ಎಂದು ಫಲಿತಾಂಶ ಬಂತು. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಪ್ರಬಂಧವನ್ನು ಸ್ವೀಕರಿಸಿತ್ತು. ಆದರೂ 1995ರಲ್ಲಿ, ಅಚ್ಚಿಗೆ ಹೋಗುವ ಹೊತ್ತಿಗೆ, ಆ ಕಲಮಿನ ಕಾರಣಕ್ಕೆ ಹಿಂತೆಗೆದುಕೊಳ್ಳಬೇಕಾಯಿತು. ಬೆಳಕು ಕಂಡದ್ದು 1997ರಲ್ಲಿ. ಅಷ್ಟು ವರ್ಷ ರೋಗಿಗಳು ಹೆಚ್ಚು ಬೆಲೆ ತೆತ್ತು ಔಷಧಿ ಕೊಂಡರಲ್ಲ, ಅದು ಒಂದೇ ಒಂದು ಸಾಲಿನಿಂದ.

ನಿನ್ನ ಪಿಎಚ್‌ಡಿ ವಿದ್ಯಾರ್ಥಿ ಈ ಯೋಜನೆಯಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಮಹಾಪ್ರಬಂಧ ಸಲ್ಲಿಸುವುದನ್ನೂ ಅದರ ಮೌಖಿಕ ಪರೀಕ್ಷೆಯನ್ನೂ ಯಾವ ಕಾರಣಕ್ಕೂ ತಡೆಯುವಂತಿಲ್ಲ ಎಂದು ಪ್ರತ್ಯೇಕ ಸಾಲು ಹಾಕಿಸು. ಕರಾರಿಗೆ ಸಹಿ ಮಾಡುವವರಲ್ಲಿ ಆ ಹುಡುಗ ಇರುವುದಿಲ್ಲ, ಅವನ ಪರವಾಗಿ ಓದುವವಳು ನೀನೊಬ್ಬಳೇ.

ಬೌದ್ಧಿಕ ಆಸ್ತಿಯ ಕಲಮಿನಲ್ಲಿ ಎರಡು ಗೆರೆ ಹುಡುಕು. ನೀನು ಮೊದಲೇ ಮಾಡಿಟ್ಟದ್ದು, ಅಂದರೆ ಕೋಡ್, ವಿಧಾನ, ದತ್ತಾಂಶ, ನಿನ್ನದಾಗಿಯೇ ಉಳಿಯುತ್ತದೆಯೇ? ಕಂಪನಿಗೆ ಹೋಗುವುದು 'ಈ ಯೋಜನೆಯ ಕೆಲಸದಲ್ಲಿ ಹುಟ್ಟಿದ್ದು' ಮಾತ್ರವೋ, ಅಥವಾ 'ಯೋಜನೆಗೆ ಸಂಬಂಧಿಸಿದ ಎಲ್ಲವೂ' ಎಂದಿದೆಯೋ? ಎರಡನೆಯದಿದ್ದರೆ ಬೇರೆ ಅನುದಾನದಲ್ಲಿ ಮಾಡಿದ ಕೆಲಸವೂ ಅದರೊಳಗೆ ಸೇರಿಹೋಗುತ್ತದೆ, ಆ ಇನ್ನೊಬ್ಬ ಅನುದಾನಿಗೆ ಕೊಟ್ಟ ಮಾತು ಮುರಿಯುತ್ತದೆ. ಮೊದಲೇ ಇದ್ದುದರ ಪಟ್ಟಿಯನ್ನು ನೀನೇ ಮಾಡಿ ಅನುಬಂಧವಾಗಿ ಕೊಡು. ಕಾನೂನು ವಿಭಾಗಕ್ಕೆ ಅದನ್ನು ಊಹಿಸಲು ಬರುವುದಿಲ್ಲ. ಯಾರಿಗೆ ಹಕ್ಕು ಹೋದರೂ, ಬೋಧನೆಗೂ ಮುಂದಿನ ಸಂಶೋಧನೆಗೂ ಬಳಸುವ ಅನುಮತಿ ವಿಶ್ವವಿದ್ಯಾಲಯಕ್ಕೆ ಇರಲೇಬೇಕು.

ಗೌಪ್ಯತೆಯಲ್ಲಿ, ಗುಟ್ಟೆಂದರೆ ಯಾವುದು ಎಂಬುದು ಸ್ಪಷ್ಟವಿರಲಿ. 'ಗೌಪ್ಯ' ಎಂದು ಗುರುತು ಹಾಕಿದ ಕಾಗದ, ಬಾಯಲ್ಲಿ ಹೇಳಿದ್ದಾದರೆ 30 ದಿನದೊಳಗೆ ಬರಹದಲ್ಲಿ ಖಚಿತಪಡಿಸಿದ್ದು, ಇಷ್ಟಕ್ಕೆ ಸೀಮಿತವಾಗಿರಲಿ. ಅವಧಿ ಮೂರರಿಂದ ಐದು ವರ್ಷ ಸಾಮಾನ್ಯ. ಕೊನೆಯಿಲ್ಲದ ಗೌಪ್ಯತೆಯನ್ನು ಪ್ರಯೋಗಾಲಯ ಕಾಯಲಾರದು, ವಿದ್ಯಾರ್ಥಿಗಳು ಬದಲಾಗುತ್ತಿರುತ್ತಾರೆ. ಹಣದ ಕಲಮಿನಲ್ಲಿ ಮುಂಗಡ ಕೇಳು, ಮತ್ತು ಕಂಪನಿ ಮಧ್ಯದಲ್ಲಿ ಕೈಬಿಟ್ಟರೆ ಅದುವರೆಗಿನ ವೆಚ್ಚವನ್ನೂ, ರದ್ದು ಮಾಡಲಾಗದ ವೆಚ್ಚವನ್ನೂ ಅವರೇ ಕೊಡಬೇಕೆಂದು ನೋಡು. ವಿದ್ಯಾರ್ಥಿಯ ನೇಮಕ ಅಂಥದೊಂದು ವೆಚ್ಚ.

ನಷ್ಟಭರ್ತಿ, ಹೊಣೆಯ ಮಿತಿ, ಯಾವ ಊರಿನ ನ್ಯಾಯಾಲಯ, ವಿಮೆ, ಇವುಗಳನ್ನು ಕಚೇರಿಗೆ ಬಿಟ್ಟುಬಿಡು. ಅವರು ಅಲ್ಲಿ ಬಗ್ಗುವುದಿಲ್ಲ, ಬಗ್ಗಲು ಆಗುವುದೂ ಇಲ್ಲ. ಮಿತಿಯಿಲ್ಲದ ನಷ್ಟಭರ್ತಿಗೆ ಒಪ್ಪಲು ಎಷ್ಟೋ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಕಾನೂನಿನಲ್ಲೇ ಅವಕಾಶವಿಲ್ಲ.

ಚೌಕಾಸಿ ನಡೆಯುವಾಗ ಕಂಪನಿಯ ವಿಜ್ಞಾನಿಗೆ 'ನಮ್ಮ ಕಾನೂನಿನವರದೇ ಕಾಟ, ನನಗೇನೂ ಅಭ್ಯಂತರವಿಲ್ಲ' ಎನ್ನಬೇಡ. ಆ ಮಾತು ಅವರ ವಕೀಲರಿಗೆ ತಲುಪುತ್ತದೆ, ನಿನ್ನ ಪ್ರಕಟಣೆಯ ಹಕ್ಕಿಗಾಗಿ ವಾದಿಸುತ್ತಿರುವವರ ಕೈ ಅಲ್ಲೇ ಸಡಿಲವಾಗುತ್ತದೆ. ತಿದ್ದುಪಡಿಗಳೆಲ್ಲ ಒಂದೇ ಕಡತದಲ್ಲಿ, ಟ್ರ್ಯಾಕ್ ಚೇಂಜಸ್ ಹಾಕಿ, ಕಡತದ ಹೆಸರಿನಲ್ಲಿ ದಿನಾಂಕ ಇಟ್ಟು ಓಡಾಡಲಿ. ಕಂಪನಿ 'ಅಂತಿಮ' ಎಂದು ಕಳಿಸಿದ್ದನ್ನು ಹಿಂದಿನದರ ಜೊತೆ ವರ್ಡ್‌ನಲ್ಲೇ ಹೋಲಿಸಿ ನೋಡು, ಗುರುತಿಲ್ಲದ ಬದಲಾವಣೆ ನುಸುಳಿರುವುದುಂಟು. ವಾರಕ್ಕೊಮ್ಮೆ ವಿಚಾರಿಸು, ಆದರೆ 'ಏನಾಯಿತು' ಎನ್ನಬೇಡ. 'ಕಡತ ಈಗ ಯಾರ ಮೇಜಿನ ಮೇಲಿದೆ, ಅವರಿಗೆ ನನ್ನಿಂದ ಏನು ಬೇಕು' ಎಂದು ಕೇಳು. ತುರ್ತು ಎಂದು ಎಲ್ಲರೂ ಬರೆಯುತ್ತಾರೆ. ಈ ದಿನಾಂಕ ದಾಟಿದರೆ ಇಂಥದ್ದು ತಪ್ಪಿಹೋಗುತ್ತದೆ ಎಂದು ಕಾರಣ ಸಮೇತ ಬರೆದವರ ಕಡತ ಮೊದಲು ತೆರೆಯುತ್ತದೆ.

ಎರಡೂ ಕಡೆಯ ಸಹಿ ಬಿದ್ದು, ಯೋಜನೆಯ ಖಾತೆ ತೆರೆಯುವವರೆಗೆ ಕೆಲಸ ಶುರುಮಾಡಬೇಡ, ಯಾರನ್ನೂ ನೇಮಿಸಬೇಡ. ತೀರಾ ಅನಿವಾರ್ಯವಾದರೆ ಮುಂಗಡ ವೆಚ್ಚಕ್ಕೆ ಲಿಖಿತ ಅನುಮತಿ ಪಡೆ, ಕರಾರು ಮುರಿದುಬಿದ್ದರೆ ಆ ವೆಚ್ಚ ಯಾರ ಲೆಕ್ಕಕ್ಕೆ ಎಂಬುದೂ ಅದರಲ್ಲಿರಲಿ. ಸಹಿಯಾದ ಪೂರ್ತಿ ಪ್ರತಿ ನಿನ್ನ ಬಳಿ ಇರಲಿ. ವರದಿ, ಬಿಲ್ಲು, ಮುಕ್ತಾಯದ ದಿನಾಂಕಗಳನ್ನು ಅವತ್ತೇ ಕ್ಯಾಲೆಂಡರಿಗೆ ಹಾಕು. ಅವಧಿ ವಿಸ್ತರಣೆ ಬೇಕೆಂದರೆ ಮುಗಿಯುವ ಮೂರು ತಿಂಗಳ ಮೊದಲೇ ಕೇಳು. ಅವಧಿ ಮುಗಿದ ಕರಾರನ್ನು ವಿಸ್ತರಿಸಲು ಕಷ್ಟ, ಹೊಸದೇ ಮಾಡಬೇಕಾದೀತು. ನಡುವೆ ಕೆಲಸದ ವಿವರ ಬದಲಾದರೆ ಫೋನಿನಲ್ಲಿ ಒಪ್ಪಿಕೊಂಡು ಸುಮ್ಮನಾಗದೆ ತಿದ್ದುಪಡಿ ಪತ್ರ ಮಾಡಿಸು.

ಕಂಪನಿಯ ಕರಡನ್ನು ನನಗೆ ಕಳಿಸುತ್ತೇನೆ ಎಂದಿದ್ದೀಯಲ್ಲ, ಅದು ಬೇಡಮ್ಮ. ನೀವು ಎನ್‌ಡಿಎ, ಅಂದರೆ ಗುಟ್ಟು ಕಾಯುವ ಒಪ್ಪಂದ, ಮಾಡಿಕೊಂಡಿದ್ದರೆ ಆ ಕರಡೂ ಗೌಪ್ಯವೇ ಆಗಿರಬಹುದು, ನಾನು ಹೊರಗಿನವಳು. ಕೆಲಸದ ವಿವರ ಬರೆಯುವಾಗ ಎಲ್ಲಾದರೂ ತೊಡಕಾದರೆ ಕಂಪನಿಯ ಹೆಸರು, ಮೊತ್ತ ಹೇಳದೆ ಫೋನಿನಲ್ಲಿ ಕೇಳು. ಭಾನುವಾರ ಬೆಳಿಗ್ಗೆ ಬಿಡುವಾಗಿರುತ್ತೇನೆ.

ಇತಿ,
ನಿನ್ನ ಅತ್ತೆ